ಮಷಿನ್ ಎನಿಸಿಕೊಂಡ ಕೈ

ಬ್ಯಾಡಗಿಯ ಮಂದಿ ಮೆಣಸಿನಕಾಯಿಯ ಘಾಟಿಗೆ ಮೂಗು ಒರೆಸಿಕೊಂಡರೆ, ಪಿಂಜಾರ ಓಣಿಯ ಬಿಬಿಜಾನ್ ಆ ಮಂದಿಯನ್ನು ಕಂಡೇ ಮೂಗು ಮುರಿಯುತ್ತಿದ್ದಳು. ಅರವತ್ತೇಳು ತುಂಬಿದ ಈ ಹೆಂಗಸಿನ ಮನಸ್ಸಿಗೆ ಒಪ್ಪಿತವಾದ ವಸ್ತು ಇಡೀ ತಾಲೂಕಿನಲ್ಲಿ ಒಂದೇ ಒಂದು ಇತ್ತು, ಅದು ಆಕೆಯೇ ಹೊಲಿದ ಕೌದಿ. ಉಳಿದದ್ದೆಲ್ಲ ಕಸ. ನೆರೆಮನೆಯ ಚೌಡವ್ವನ ಸಾರು ಕಸ, ಮಗ ಅಯಾಜ್ ಕೊಂಡು ತಂದ ಫ್ರಿಜ್ ಕಸ, ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಾರುವ ಮೆತ್ತನೆಯ ಬ್ಲ್ಯಾಂಕೆಟ್ ಅಂತೂ ಕಸದಲ್ಲೇ ಕಸ. "ಅದನ್ನ ಹೊತಕೊಂಡು ಮಲಗಿದ್ರ ನಾಯಿ ಅಪ್ಪಿಕೊಂಡು ಮಲಗಿದಂಗ ಆಕೈತಿ" ಎಂದು ಕೊಂಡವರ ಮುಖಕ್ಕೇ ಹೇಳುತ್ತಿದ್ದಳು.

ಕೌದಿಗೆ ಬೇಕಾದದ್ದು ಆಯಾ ಮನೆಯ ಹಳೆಯ ಅರಿವೆ. ಸವೆದ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಪದರು ಪದರಾಗಿ ಹಾಸಿ, ಅಂಚಿನಿಂದ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರಬೇಕು. ಅರಿವೆಯ ಗಂಟು ಹೊತ್ತು ಬಂದವರ ಮನೆತನವನ್ನು ಬಿಬಿಜಾನ್ ಆ ಗಂಟಿನಲ್ಲೇ ಓದಿಬಿಡುತ್ತಿದ್ದಳು. ಧೋತರ ಜಾಳಾಗುವವರೆಗೆ ಉಟ್ಟಿದ್ದರೆ ಜಿಪುಣರು, ಸೀರೆಯ ಸೆರಗು ಮಾತ್ರ ಸವೆದಿದ್ದರೆ ಸೊಸೆ ಅಳುವ ಮನೆ. ಒಮ್ಮೆ ಕದರಮಂಡಲಗಿಯ ಒಬ್ಬ ಗೌಡ್ತಿ ಬರೀ ನೈಲಾನ್ ಸೀರೆಗಳನ್ನು ತಂದು ಮುಂದಿಟ್ಟಳು. ಬಿಬಿಜಾನ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ರೀ, ಸೀರಿನೋ ಸೊಳ್ಳಿಪರದಿನೋ? ಮನ್ಯಾಗ ಒಂದಾರ ನೂಲಿನ ಸೀರಿ ಉಟ್ಟ ಹೆಣಮಗಳು ಇದ್ರ ಕರಕೊಂಡು ಬರ್ರಿ" ಎಂದಳು. ಗೌಡ್ತಿ ಗಂಟು ಕಟ್ಟಿಕೊಂಡು ಹೋದಳು. ವಾರ ಬಿಟ್ಟು ಅತ್ತೆಯ ಕಾಲದ ಇಳಕಲ್ ಸೀರೆಗಳನ್ನು ಹುಡುಕಿ ಮತ್ತೆ ಬಂದಳು. ಬೈಸಿಕೊಂಡರೂ ಬಿಬಿಜಾನ್ ಬಳಿಗೇ ಬರಬೇಕು, ಅಂಥ ಕೈ ಅದು.

ಕೌದಿಯ ಕೊನೆಯ ಸುತ್ತು ಮುಗಿಯುವ ದಿನವನ್ನು ಬಾಯಿ ಮುಚ್ಚುವ ದಿನ ಎನ್ನುತ್ತಾರೆ. ಅವತ್ತು ಕೌದಿಯ ಒಡೆಯರು ಹೊಲಿದವಳಿಗೆ ಸಿಹಿ ಊಟ ಹಾಕಬೇಕು. ಆ ಊಟದ ಒಂದು ಚೂರನ್ನು ಒಳಗಿಟ್ಟು ಕೊನೆಯ ಟಾಕಿ, ಅಂದರೆ ಕಡೆಯ ಹೊಲಿಗೆ ಹಾಕಬೇಕು. ಇಲ್ಲದಿದ್ದರೆ ಕೌದಿ ಉಪವಾಸ ಉಳಿದು, ಹೊದ್ದವರನ್ನೂ ಉಪವಾಸ ಕೆಡವುತ್ತದೆ ಎಂಬ ನಂಬಿಕೆ. ಮೆಣಸಿನಕಾಯಿ ವ್ಯಾಪಾರದಲ್ಲಿ ನಾಲ್ಕು ಅಂತಸ್ತಿನ ಮನೆ ಎಬ್ಬಿಸಿದ ಒಬ್ಬ ಸಾವಕಾರನ ಹೆಂಡತಿ ಅಂಥ ದಿನ ಚಹಾ ಮತ್ತು ಎರಡು ಬಿಸ್ಕೀಟು ಕಳಿಸಿದಳು. ಬಿಬಿಜಾನ್ ಬಿಸ್ಕೀಟನ್ನು ಕೋಳಿಗೆ ಹಾಕಿ, ಅಂಗೈಯಗಲ ಬಾಯಿ ತೆರೆದೇ ಇದ್ದ ಕೌದಿಯನ್ನು ಮಡಿಚಿ ಕಳಿಸಿದಳು. ಜೊತೆಗೆ ಒಂದು ಮಾತನ್ನೂ ಕಳಿಸಿದಳು: "ನಿಮ್ಮ ಕೌದಿ ಇನ್ನ ಹಸದೈತ್ರಿ. ನಿಮ್ಮ ಮನ್ಯಾಗ ಹೋಳಿಗಿ ಮಾಡೂವಷ್ಟು ಬೆಲ್ಲ ಸಿಕ್ಕಾಗ ಹೇಳಿ ಕಳಸ್ರಿ, ಬಂದು ಬಾಯಿ ಮುಚ್ಚತೇನಿ." ಮೂರನೆಯ ದಿನ ಆ ಮನೆಯಲ್ಲಿ ಹೋಳಿಗೆ ಬೆಂದಿತು.

ಈ ಸೊಕ್ಕು ಅವಳಿಗೆ ಪುಕ್ಕಟೆ ಬಂದದ್ದಲ್ಲ. ಹದಿನಾರಕ್ಕೆ ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದಾಗ ಅವಳಿಗೆ ಗುಂಡಿ ಹಚ್ಚುವುದಷ್ಟೇ ಗೊತ್ತಿತ್ತು. ಗಂಡ ಶಾಬುದ್ದೀನ ಅರಳೆ ಹಿಂಜುವ ಬಿಲ್ಲು ಹೆಗಲಿಗೇರಿಸಿ ಗಾದಿ ತುಂಬಲು ಊರೂರು ತಿರುಗಿದರೆ, ಅತ್ತೆ ಖತೀಜಾಬಿ ಮನೆಯಲ್ಲಿ ಕೂತು ಸೊಸೆಯ ಬೆರಳು ತಿರುವುತ್ತಿದ್ದಳು. ಟಾಕಿ ಅಕ್ಕಿ ಕಾಳಿನಷ್ಟು ಉದ್ದ ಇರಬೇಕು, ಎರಡು ಟಾಕಿಯ ನಡುವೆ ಜೋಳದ ಕಾಳು ಕೂರುವಷ್ಟು ಜಾಗ ಬಿಡಬೇಕು. ಹೆಚ್ಚೂಕಡಿಮೆ ಆದರೆ ಸುತ್ತಿಗೆ ಸುತ್ತನ್ನೇ ಬಿಚ್ಚಿ ಮೊದಲಿನಿಂದ. ಹೊಸ ಮದುಮಗಳು ಮೂರು ವರ್ಷ ಅತ್ತಳು, ಬಿಚ್ಚಿದಳು, ಹೊಲಿದಳು. ನಾಲ್ಕನೆಯ ವರ್ಷ ಖತೀಜಾಬಿಗೆ ಬಿಚ್ಚಲು ಏನೂ ಸಿಗಲಿಲ್ಲ. ಹೊಗಳಿಕೆಯ ಒಂದು ಮಾತೂ ಆ ಮುದುಕಿಯ ಬಾಯಿಂದ ಬರಲಿಲ್ಲ. ಹಾಗಾಗಿ ಬಿಬಿಜಾನ್ ತನ್ನನ್ನು ತಾನೇ ಹೊಗಳಿಕೊಳ್ಳುವ ಅಭ್ಯಾಸ ಮಾಡಿಕೊಂಡಳು.

ತಾನು ಸೊಸೆಯಾಗಿ ಉಂಡದ್ದನ್ನು ಅತ್ತೆಯಾಗಿ ಬಡಿಸದೆ ಬಿಟ್ಟಾಳೆಯೇ? ಎಂಟು ವರ್ಷದ ಹಿಂದೆ ಅಯಾಜನ ಕೈಹಿಡಿದು ಬಂದ ಮೆಹನಾಜಳ ಹೊಲಿಗೆಯನ್ನು ಅವಳು ಒಂದು ದಿನವೂ ಉಳಿಯಗೊಡಲಿಲ್ಲ. "ಕೋಳಿ ತಿಪ್ಪಿ ಕೆದರಿದಂಗ ಐತಿ" ಎಂದು ಸರಸರ ಬಿಚ್ಚಿ ಹಾಕಿ, ಅದೇ ಜಾಗದಲ್ಲಿ ತಾನು ಹೊಲಿಯುತ್ತಿದ್ದಳು. ಮೆಹನಾಜ ಮಾತಾಡುವ ಹುಡುಗಿಯಲ್ಲ. ಸೂಜಿಗೆ ದಾರ ಪೋಣಿಸಿ ಕೊಡುತ್ತ ಪಕ್ಕದಲ್ಲಿ ಕೂತಿರುತ್ತಿದ್ದಳು.

ಮೂರು ವರ್ಷದ ಹಿಂದೆ ಬಿಬಿಜಾನ್ ಇದ್ದಕ್ಕಿದ್ದಂತೆ ಕೌದಿ ಹೊಲಿಯುವುದನ್ನು ಬಿಟ್ಟಳು. ಕೇಳಿದವರಿಗೆ ಉತ್ತರ ತಯಾರಿತ್ತು: "ಯಾರಿಗೆ ಹೊಲೀಲಿ? ಈ ಊರಾಗ ನನ್ನ ಕೌದಿ ಹೊಚಗೊಳ್ಳೂವಂಥಾ ಮಂದಿ ಸತ್ತು ಮಣ್ಣಾಗ್ಯಾರ. ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ?" ಬಾಯಿ ತೆರೆದರೆ ಇಂಥದ್ದೇ ಮಾತಾಡುವವಳು, ಹೀಗಾಗಿ ಎಲ್ಲರೂ ನಂಬಿದರು. ನಿಜ ಬೇರೆ ಇತ್ತು. ಸೂಜಿಯ ಕಣ್ಣು ಅವಳ ಕಣ್ಣಿಗೆ ಸಿಗದಂತಾಗಿತ್ತು. ಬಲಗೈ ಹೆಬ್ಬೆರಳಿನ ಗೆಣ್ಣು ಬಾತು, ಸೂಜಿ ಹಿಡಿದರೆ ಜಾರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಆ ಗಾದೆಯನ್ನು ಊರವರ ಮೇಲೆಲ್ಲ ಎಸೆದವಳು ಈಗ ಊರನ್ನೇ ಡೊಂಕು ಮಾಡಿ ಕೂತಿದ್ದಳು. ಮಗನಿಗೂ ಹೇಳಿರಲಿಲ್ಲ. ಹೇಳಿದರೆ ತನ್ನ ಹತ್ತಿರ ಉಳಿಯುವುದಾದರೂ ಏನು ಎಂಬ ಹೆದರಿಕೆ ಅವಳಿಗೆ.

ಹೀಗಿರುವಾಗ ಹಾವೇರಿಯಲ್ಲಿ ಕೈಕಸುಬು ಉದ್ಧಾರ ಮಾಡುವ ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರು ಎಷ್ಟು ಉದ್ದ ಇತ್ತೆಂದರೆ ಬೋರ್ಡಿನಲ್ಲಿ ಎರಡು ಸಾಲಾದರೂ ಮುಗಿಯದೆ ಗೋಡೆಯ ಮೇಲೆ ಇಳಿದಿತ್ತು. ಆ ಸಂಸ್ಥೆಯವರು ಕೌದಿ ಹೊಲಿಯುವ ಹೆಂಗಸರಿಗೆ ಫೋಟೋ ಅಂಟಿಸಿದ ಗುರುತಿನ ಚೀಟಿ ಕೊಡತೊಡಗಿದರು. ಬಿಬಿಜಾನ್ ಮೊದಲು ನಕ್ಕಳು. ಆದರೆ ಚೌಡವ್ವನಿಗೂ ಒಂದು ಚೀಟಿ ಸಿಕ್ಕಿದ ದಿನ ಅವಳ ನಗು ನಿಂತಿತು. ಚೌಡವ್ವನ ಹೊಲಿಗೆ ಎಂಥದ್ದೆಂದರೆ, ಓಣಿಯ ಆಡಿಗೆ ಸೂಜಿ ಕೊಟ್ಟಿದ್ದರೂ ಅದಕ್ಕಿಂತ ನೆಟ್ಟಗೆ ಹೊಲಿಯುತ್ತಿತ್ತು. ಆ ಚೌಡವ್ವ ಈಗ ಕೊರಳಿಗೆ ಚೀಟಿ ತೂಗುಹಾಕಿಕೊಂಡು ರೇಶನ್ ಅಂಗಡಿಗೂ ಹೋಗುತ್ತಿದ್ದಳು.

"ಬಿಬಿಜಾನಕ್ಕಾ, ನೀನೂ ಒಂದು ಕೌದಿ ಕಳಸ. ಕೊಟ್ರೂ ಕೊಟ್ಟಾರು" ಎಂದಳು ಚೌಡವ್ವ.

ಆ "ಕೊಟ್ಟಾರು" ಎಂಬ ಮಾತು ಬಿಬಿಜಾನಳ ಎದೆಗೆ ಚುಚ್ಚಿತು. ಅದೇ ಸಂಜೆ ಪೆಟ್ಟಿಗೆಯ ತಳದಿಂದ ಒಂದು ಕೌದಿ ತೆಗೆದಳು. ಗಂಡ ತೀರಿಕೊಂಡ ವರ್ಷ, ಅವನ ಅಂಗಿ, ಲುಂಗಿ, ರುಮಾಲುಗಳನ್ನು ಹಾಸಿ ಹೊಲಿದದ್ದು. ಯಾರೂ ಹೊದ್ದಿರಲಿಲ್ಲ. ಆ ಕೌದಿಯ ಅಂಚಿನಿಂದ ನಡುವಿನವರೆಗೆ ಹುಡುಕಿದರೂ ಒಂದು ಟಾಕಿ ತಪ್ಪಿರಲಿಲ್ಲ. ಮೆಹನಾಜಳ ಕೈಯಲ್ಲಿ ಅದನ್ನು ಹಾವೇರಿಗೆ ಕಳಿಸಿದಳು.

ಹದಿನೈದು ದಿನಕ್ಕೆ ಕೌದಿ ವಾಪಸು ಬಂತು. ಮೇಲೆ ಒಂದು ಕಾಗದ ಪಿನ್ನು ಮಾಡಿದ್ದರು. ಮೆಹನಾಜ ಓದಿದಳು: "ಯಂತ್ರದ ಹೊಲಿಗೆ ಎಂದು ಕಂಡುಬಂದಿರುವುದರಿಂದ ಪರಿಗಣಿಸಲಾಗದು. ಆಕ್ಷೇಪವಿದ್ದಲ್ಲಿ ಬರುವ ಗುರುವಾರ ಸಮಿತಿಯ ಮುಂದೆ ಹೊಲಿದು ತೋರಿಸಬಹುದು."

"ಇನ್ನೊಮ್ಮಿ ಓದ" ಎಂದಳು ಬಿಬಿಜಾನ್. ಇನ್ನೊಮ್ಮೆ ಓದಿದರೂ ಅದೇ ಇತ್ತು.

ಸುದ್ದಿ ಓಣಿ ದಾಟಲು ಎಷ್ಟು ಹೊತ್ತು? ನಲವತ್ತೈದು ವರ್ಷ ಅವಳಿಂದ ಬೈಸಿಕೊಂಡವರಿಗೆಲ್ಲ ಹಬ್ಬವಾಯಿತು. ಬಿಬಿಜಾನ್ ಇಷ್ಟು ದಿನ ಕದ ಹಾಕಿಕೊಂಡು ಮಷಿನ್ ಮೇಲೆ ಹೊಲಿಯುತ್ತಿದ್ದಳಂತೆ, ಅದಕ್ಕೇ ಅಷ್ಟು ನೆಟ್ಟಗೆ ಇರುತ್ತಿತ್ತಂತೆ ಎಂದು ನಳದ ಮುಂದೆ ಕೊಡ ಇಟ್ಟವರೆಲ್ಲ ಆಡಿಕೊಂಡರು. ಒಂದು ಮನೆಯವರು ಇಪ್ಪತ್ತು ವರ್ಷ ಹೊದ್ದ ಕೌದಿಯನ್ನು ಬಿಸಿಲಿಗೆ ಹಿಡಿದು, ಎಲ್ಲಾದರೂ ಮಷಿನ್ ಗುರುತು ಸಿಕ್ಕೀತೇ ಎಂದು ನೋಡಿದರು. ಇಂಥ ನೆರೆಹೊರೆಗೆ ಚಳಿಯೇ ಸರಿಯಾದ ಶಿಕ್ಷೆಯಾಗಿತ್ತು, ತಪ್ಪಿ ಕೌದಿ ಸಿಕ್ಕಿತ್ತು.

ಹೋಗದೆ ಕೂತರೆ ಸುಳ್ಳು ನಿಜವಾಗುತ್ತದೆ. ಹೋದರೆ ಹೊಲಿದು ತೋರಿಸಬೇಕು. ಬುಧವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ಒಂದು ಚಿಂದಿ ಅರಿವೆ ಮತ್ತು ಸೂಜಿ ಹಿಡಿದು ಕೂತಳು. ದಾರ ಪೋಣಿಸುವುದರಲ್ಲೇ ಹಣೆ ಬೆವರಿತು, ಪೋಣಿಸಲಾಗಲಿಲ್ಲ. ಅಷ್ಟರಲ್ಲಿ ಮೆಹನಾಜ ಒಳಗೆ ಬಂದಳು. ಬಿಬಿಜಾನ್ ಸೂಜಿಯನ್ನು ಮಡಿಲಲ್ಲಿ ಮುಚ್ಚಿ, "ಏನ್ ನೋಡತಿ? ನಾಳಿಗೆ ಹತ್ತು ಸೂಜಿಗೆ ದಾರ ಹಾಕಿ ಇಡ. ಅಲ್ಲಿ ಕುಂತು ದಾರ ಹಾಕಕೋತ ಕುಂದ್ರಾಕ ನನಗ ಹೊತ್ತಿಲ್ಲ" ಎಂದು ಗದರಿದಳು. ಮೆಹನಾಜ ಹೂಂ ಎಂದಳು. ಅತ್ತೆಯ ಕಣ್ಣಿನ ಗುಟ್ಟು ಅವಳಿಗೆ ಮೂರು ವರ್ಷದಿಂದಲೂ ಗೊತ್ತಿತ್ತು.

ಗುರುವಾರ ಅತ್ತೆ ಸೊಸೆ ಇಬ್ಬರೂ ಹಾವೇರಿಯ ಬಸ್ಸು ಹತ್ತಿದರು. ಸಂಸ್ಥೆಯ ಹಾಲಿನಲ್ಲಿ ಆಗಲೇ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೂತಿದ್ದರು. ಮೇಜಿನ ಹಿಂದೆ ಕಾರ್ಯದರ್ಶಿ ಪುಂಡಲೀಕ. ಜುಬ್ಬಾ ತೊಟ್ಟು ಕಸುಬಿನ ಬಗ್ಗೆ ಭಾಷಣ ಮಾಡುವುದೇ ಕಸುಬಾಗಿದ್ದ ಮನುಷ್ಯ. ಪಕ್ಕದಲ್ಲಿ ಪರೀಕ್ಷೆ ಮಾಡುವ ಶೀಲಾ ಮೇಡಂ. ರಾಣೆಬೆನ್ನೂರಿನಲ್ಲಿ ಬಟ್ಟೆಯ ದೊಡ್ಡ ಅಂಗಡಿ ಇಟ್ಟು, ದೂರದ ಊರುಗಳಿಗೆ ಕೌದಿ ಕಳಿಸುವವಳು. ಅವಳ ಕೊರಳಲ್ಲಿ ಭೂತಗನ್ನಡಿ ತೂಗುತ್ತಿತ್ತು, ಬೆರಳಲ್ಲಿ ಒಂದೂ ಸೂಜಿಯ ಗಾಯ ಇರಲಿಲ್ಲ.

"ಯಾರು ಇದನ್ನ ಮಷಿನ್ ಅಂದವ್ರು?" ಎಂದು ಬಿಬಿಜಾನ್ ಕೌದಿಯನ್ನು ಮೇಜಿನ ಮೇಲೆ ಹರವಿದಳು.

"ನಾನ ರೀ ಅಮ್ಮಾ" ಎಂದಳು ಶೀಲಾ, ನಗುತ್ತಲೇ. "ಎಲ್ಲಿ ಗೇಣು ಹಾಕಿ ಎಣಿಸಿದ್ರೂ ಮೂವತ್ತ ಟಾಕಿ. ಒಂದ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ. ಮನಷ್ಯಾರ ಕೈ ಹಿಂಗ ಹೊಲಿಯಂಗಿಲ್ರಿ."

"ನಿನ್ನ ಕೈ ಹೊಲಿಯಂಗಿಲ್ಲ, ತಾಯಿ. ಮಷಿನ್ ಟಾಕಿ ಬಿಡವಿಲ್ಲದ ಓಡತೈತಿ, ಕೈಟಾಕಿ ಮುಳುಗಿ ಮುಳುಗಿ ಏಳತೈತಿ. ಬೆರಳಾಡಿಸಿದ್ರ ಕುರುಡಗೂ ತಿಳಿತೈತಿ."

"ಈಗ ಹಂಗ ಮುಳುಗಿ ಏಳೂ ಮಷಿನ್ನೂ ಬಂದಾವ್ರಿ ಅಮ್ಮಾ. ಗಿರಾಕಿಗೆ ನೋಡಿದ ಕೂಡ್ಲೇ ಕೈಯಿಂದ ಮಾಡಿದ್ದು ಅನಿಸಬೇಕು. ಟಾಕಿ ಸ್ವಲ್ಪ ಹಿಂದ ಮುಂದ, ಸ್ವಲ್ಪ ಸೊಟ್ಟ ಇದ್ರನ ಅದಕ್ಕ ಬೆಲೆ."

"ಅಂದ್ರ ಕೆಟ್ಟ ಹೊಲದ್ರ ಕೈ, ಚೊಲೋ ಹೊಲದ್ರ ಮಷಿನ್?"

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುಂಡಲೀಕ ಕೈಯೆತ್ತಿ, "ಜಗಳ ಬ್ಯಾಡ್ರಿ ಅಮ್ಮಾರ. ನಿಯಮ ಐತಿ. ನಮ್ಮ ಮುಂದ ಒಂದ ಗೇಣು ಹೊಲದ ತೋರಸ್ರಿ, ಮುಗೀತು" ಎಂದು ಎರಡು ಪದರಿನ ಒಂದು ಬಿಳಿ ಅರಿವೆ ಕೊಟ್ಟ.

ಬಿಬಿಜಾನ್ ಚಾಪೆಯ ಮೇಲೆ ಕೂತಳು. ಮೆಹನಾಜ ದಾರ ಹಾಕಿದ ಸೂಜಿಯನ್ನು ಅವಳ ಬೆರಳಿಗೇ ಮುಟ್ಟಿಸಿದಳು. ಮೊದಲ ಟಾಕಿ ಹಾಕಿದಾಗಲೇ ಬಿಬಿಜಾನಳಿಗೆ ತಿಳಿಯಿತು. ಬಿಳಿ ಅರಿವೆಯ ಮೇಲೆ ಬಿಳಿ ಮಂಜು ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಹೆಬ್ಬೆರಳು ಒತ್ತಬೇಕಾದಲ್ಲಿ ಒತ್ತದೆ, ಸೂಜಿ ತನಗೆ ತೋಚಿದಲ್ಲಿ ಮೇಲೆದ್ದಿತು. ಒಂದು ಟಾಕಿ ಉದ್ದವಾಯಿತು, ಮುಂದಿನದು ಗಿಡ್ಡ, ಅದರ ಮುಂದಿನದು ಓರೆ. ನಿಲ್ಲಿಸಿದರೆ ಮಾನ ಹೋಗುತ್ತದೆ, ಹೊಲಿದರೂ ಹೋಗುತ್ತದೆ. ಅವಳು ಹಲ್ಲು ಕಚ್ಚಿ ಗೇಣು ಮುಗಿಸಿದಳು. ಮುಗಿಸಿ ತಲೆ ತಗ್ಗಿಸಿ ಕೂತಳು, ಇಪ್ಪತ್ತೈದು ಹೆಂಗಸರ ನಗುವಿಗಾಗಿ ಕಾಯುತ್ತ.

ಶೀಲಾ ಅರಿವೆ ಎತ್ತಿಕೊಂಡು ಭೂತಗನ್ನಡಿ ಹಿಡಿದಳು. "ಅಯ್ಯ, ಇದನ್ನ ನೋಡ್ರಿಲ್ಲೆ!" ಎಂದು ಕೂಗಿದಳು. "ಎಷ್ಟ ಜೀವ ಐತಿ ಇದರಾಗ! ಇದು ನೋಡ್ರಿ ಖರೇ ಕೈಹೊಲಿಗಿ!"

ಪುಂಡಲೀಕ ಚಪ್ಪಾಳೆ ತಟ್ಟಿದ. ಅವನು ತಟ್ಟಿದ್ದಕ್ಕೆ ಹೆಂಗಸರೂ ತಟ್ಟಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅವರಲ್ಲಿ ಅರ್ಧದಷ್ಟು ಮಂದಿಗೆ ಆ ಹೊಲಿಗೆ ಎಷ್ಟು ಕೆಟ್ಟದ್ದೆಂದು ಕೂತಲ್ಲಿಂದಲೇ ಕಾಣುತ್ತಿತ್ತು, ಆದರೂ ತಟ್ಟಿದರು. "ಮೊದಲನ ಹಿಂಗ ಹೊಲದ ಕಳಿಸಿದ್ರ ಇಷ್ಟ ತಾಪತ್ರಯನ ಇರತಿರಲಿಲ್ರಿ ಅಮ್ಮಾರ" ಎಂದು ಪುಂಡಲೀಕ ಚೀಟಿಗೆ ಠಸ್ಸೆ ಹೊಡೆದು, ತಾನೇ ಎದ್ದು ಬಂದು ಅವಳ ಕೈಗೆ ಕೊಟ್ಟ.

ಬಿಬಿಜಾನ್ ಚೀಟಿಯನ್ನು ಹಿಡಿದುಕೊಂಡಳು. ಸುಳ್ಳು ಹೇಳಬಾರದು, ಆ ಗಳಿಗೆಯಲ್ಲಿ ಅವಳಿಗೆ ಸಂತೋಷವೇ ಆಯಿತು. ಇದನ್ನು ಕೊರಳಿಗೆ ಹಾಕಿಕೊಂಡು ಚೌಡವ್ವನ ಕಟ್ಟೆಯ ಮುಂದೆ ಎರಡು ಸಲ ಅಡ್ಡಾಡಬೇಕು, ನಳದ ಹತ್ತಿರ ನಾಲ್ಕು ಸಲ. ಯಾರಿಗೂ ಏನೂ ತಿಳಿಯುವುದಿಲ್ಲ. ಕಣ್ಣಿನ ಗುಟ್ಟೂ ಉಳಿಯಿತು, ಹೆಸರೂ ಉಳಿಯಿತು.

ಅಷ್ಟರಲ್ಲಿ ಪುಂಡಲೀಕ ಆ ಅರಿವೆಯನ್ನು ಗೋಡೆಯ ಹಲಗೆಗೆ ಪಿನ್ನು ಚುಚ್ಚಿ ನಿಲ್ಲಿಸಿದ. ಕೆಳಗೆ ಒಂದು ಕಾಗದ ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆಯುತ್ತ ಜೋರಾಗಿ ಓದಿದ: "ಮಾದರಿ ಹೊಲಿಗೆ. ಬಿಬಿಜಾನ್ ಶಾಬುದ್ದೀನ ನದಾಫ, ಬ್ಯಾಡಗಿ." ಆಮೇಲೆ ಹೆಂಗಸರ ಕಡೆ ತಿರುಗಿ, "ತರಬೇತಿಗೆ ಬರೂ ಹುಡಿಗ್ಯಾರು ಇನ್ನ ಮ್ಯಾಲೆ ಇದನ್ನ ನೋಡಿ ಕಲೀತಾರ" ಎಂದ.

ಬಿಬಿಜಾನ್ ನೆಲಕ್ಕೆ ಕೈಯೂರಿ ಎದ್ದಳು. "ಅದನ್ನ ಕೆಳಗ ತಗೀರಿ."

"ಯಾಕ್ರಿ?"

"ನನ್ನ ಅರಬಿ ನನಗ ಕೊಡ್ರಿ."

"ಹಂಗ ಬರಂಗಿಲ್ರಿ. ಚೀಟಿ ಬೇಕಂದ್ರ ಮಾದರಿ ಇಲ್ಲೇ ಇರಬೇಕು. ನಿಯಮ."

ಬಿಬಿಜಾನ್ ಮೇಜನ್ನು ಕೈಯಿಂದ ಹುಡುಕಿ ಚೀಟಿಯನ್ನು ಅದರ ಮೇಲಿಟ್ಟಳು. ಮತ್ತೆ ಮಾತಾಡಿದಾಗ ಅವಳ ದನಿ ಹಾಲಿನ ಮೂಲೆಗೂ ಮುಟ್ಟಿತು. "ನನ್ನ ಕಣ್ಣ ಹೋಗಿ ಮೂರ ವರ್ಷ ಆತು. ಹೆಬ್ಬಟ್ಟು ಮಾತ ಕೇಳಂಗಿಲ್ಲ. ಇದು ಕೈಹೊಲಿಗಿ ಅಲ್ರಿ, ಕುರುಡಿ ತಡಕಾಡಿದ್ದು. ಇದನ್ನ ನೋಡಿ ಹುಡಿಗ್ಯಾರು ಕಲತ್ರ ನಮ್ಮತ್ತಿ ಗೋರಿಯಿಂದ ಎದ್ದ ಬಂದು ನನ್ನ ಬೆರಳ ಮುರೀತಾಳ. ಕೈಯಿಂದ ಹೊಲದದ್ದು ಅಲ್ಲೈತಿ, ಮೇಜಿನ ಮ್ಯಾಲೆ. ನಿಮಗ ಅದು ಮಷಿನ್. ಇಟ್ಕೊಳ್ರಿ ನಿಮ್ಮ ಚೀಟಿ."

ಪುಂಡಲೀಕ ಶೀಲಾಳ ಮುಖ ನೋಡಿದ, ಶೀಲಾ ಪುಂಡಲೀಕನ ಮುಖ ನೋಡಿದಳು. ಇಬ್ಬರಿಗೂ ಏನೂ ಅರ್ಥವಾಗಲಿಲ್ಲ. ಕೊಟ್ಟ ಚೀಟಿಯನ್ನು ಮರಳಿಸಿದವರಿಗೆ ಏನು ಮಾಡಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲ. ಬಿಬಿಜಾನ್ ಹಲಗೆಯವರೆಗೆ ಹೋಗಿ, ಪಿನ್ನುಗಳನ್ನು ಒಂದೊಂದಾಗಿ ತಡಕಿ ಕಿತ್ತು, ಅರಿವೆ ಮಡಿಚಿಕೊಂಡು ಹೊರಬಿದ್ದಳು. ಮೆಹನಾಜ ಕೌದಿಯನ್ನು ಎದೆಗವಚಿಕೊಂಡು ಹಿಂದೆ ಓಡಿದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬಿಬಿಜಾನ್ ಆ ಗೇಣು ಹೊಲಿಗೆಯನ್ನು ಬಿಚ್ಚತೊಡಗಿದಳು. ಬೆರಳಿನಿಂದ ಟಾಕಿ ಹುಡುಕಿ, ಉಗುರಿನಿಂದ ಎಬ್ಬಿಸಿ, ದಾರ ಎಳೆಯುವುದು. ಬ್ಯಾಡಗಿಯ ಒಂದು ಬಸ್ಸು ಬಂದು ಹೋಯಿತು. ಸಂಜೆಯೊಳಗೆ ಓಣಿಗೆಲ್ಲ ತಿಳಿಯುತ್ತದೆ, ಬಿಬಿಜಾನ್ ಕುರುಡಿ ಎಂದು. ನಕ್ಕು ಸಾಯಲಿ. ಹಾಗೆ ಅಂದುಕೊಳ್ಳುತ್ತಲೇ ಮುದುಕಿ ಕಣ್ಣೊರೆಸಿಕೊಂಡಳು. ಕಾಣದ ಕಣ್ಣಿನಲ್ಲೂ ನೀರು ಮಾತ್ರ ಧಾರಾಳ ಇತ್ತು.

ಕೊನೆಯ ದಾರ ಕಿತ್ತ ಮೇಲೆ ಅರಿವೆಯನ್ನು ಸೊಸೆಯ ಮಡಿಲಿಗೆ ಎಸೆದಳು. "ಹಿಡಿ. ನೀ ಟಾಕಿ ಹಾಕ."

"ನಾನಾ?"

"ಇಲ್ಲಿ ಇನ್ನ ಯಾರು ಅದಾರ? ಕಂಡಕ್ಟರಗ ಹೇಳಲೇನು?"

ಮೆಹನಾಜ ಉಳಿದ ಸೂಜಿಗಳಲ್ಲಿ ಒಂದನ್ನು ತೆಗೆದು ಹೊಲಿಯತೊಡಗಿದಳು. ಎರಡನೆಯ ಬಸ್ಸೂ ಹೋಯಿತು. ಗೇಣು ಮುಗಿದ ಮೇಲೆ ಅರಿವೆಯನ್ನು ಅತ್ತೆಯ ಕೈಗೆ ಕೊಟ್ಟು, ಬೈಸಿಕೊಳ್ಳಲು ತಲೆ ತಗ್ಗಿಸಿದಳು.

ಬಿಬಿಜಾನ್ ಹೆಬ್ಬೆರಳನ್ನು ಮೊದಲ ಟಾಕಿಯ ಮೇಲಿಟ್ಟು ಮೆಲ್ಲಗೆ ಜರುಗಿಸಿದಳು. ಮುಳುಗಿತು, ಎದ್ದಿತು, ಮುಳುಗಿತು, ಎದ್ದಿತು. ಕೊನೆ ಮುಟ್ಟಿದಾಗ ಲೆಕ್ಕ ಮೂವತ್ತು. ನಂಬದೆ ತಿರುಗಿ ಎಣಿಸಿದಳು, ಆಗಲೂ ಮೂವತ್ತೇ. ಬೈಯಲು ಬಾಯಿ ತೆರೆದರೆ ಬೈಯುವುದಕ್ಕೆ ಏನೂ ಸಿಗಲಿಲ್ಲ.

"ಎಲ್ಲಿ ಕಲತಿ?"

"ನೀವು ಬಿಚ್ಚಿ ಬಿಚ್ಚಿ ಹೊಲಿತಿದ್ರೆಲ್ಲ ಅಮ್ಮಾ, ಅದನ್ನ ನೋಡಕೋತ."

ಅರಿವೆ ಬಿಬಿಜಾನಳ ಮಡಿಲಲ್ಲೇ ಇತ್ತು, ಹೆಬ್ಬೆರಳು ಅದರ ಮೇಲೆ ಮತ್ತೆ ಮತ್ತೆ ಓಡಾಡುತ್ತಿತ್ತು. ಮೂರನೆಯ ಬಸ್ಸು ಬಂದು ನಿಂತಾಗ, ಸೊಸೆಯ ಹೆಗಲಿಗೆ ಕೈಯೂರಿ ಎದ್ದಳು.

"ಇಷ್ಟ ನೆಟ್ಟಗ ಹೊಲದೀಯಲ್ಲ, ಹುಚ್ಚಿ," ಎಂದಳು. "ನಿನಗೂ ಅವ್ರು ಚೀಟಿ ಕೊಡಂಗಿಲ್ಲ."